ದುರ್ಗಸಿಂಹ ಹೇಳಿದ ಹೆಸರು

ಕನ್ನಡ ಸಾಹಿತ್ಯ ಚರಿತ್ರೆಯ ಒಂದು ಹಳೆಯ ಪುಸ್ತಕವನ್ನೂ ಒಂದು ಹೊಸ ಪುಸ್ತಕವನ್ನೂ ಅಕ್ಕಪಕ್ಕ ತೆರೆದಿಟ್ಟುಕೊಂಡರೆ, ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹನಿಗೆ ಎರಡು ಕಾಲ ಸಿಗುತ್ತವೆ. ಇ. ಪಿ. ರೈಸ್ ಅವರ 1921ರ ಇಂಗ್ಲಿಷ್ ಪುಸ್ತಕದಲ್ಲಿ ಅವನು ಸುಮಾರು 1145ರವನು. ಇತ್ತೀಚಿನ ಯಾವ ಚರಿತ್ರೆಯನ್ನು ತೆಗೆದರೂ 1031. ನೂರಾ ಹದಿನಾಲ್ಕು ವರ್ಷಗಳ ಅಂತರವೆಂದರೆ ನಾಲ್ಕು ತಲೆಮಾರು. ಒಂದು ಲೆಕ್ಕದಲ್ಲಿ ಅವನು ರನ್ನನ ಕಾಲಕ್ಕೆ ಅಂಟಿಕೊಂಡವನು. ಇನ್ನೊಂದರಲ್ಲಿ ಬಸವಣ್ಣನವರ ಸಮಕಾಲೀನ. ಈ ಅಂತರ ಹೇಗೆ ಹುಟ್ಟಿತು, ಹೇಗೆ ಮುಚ್ಚಿತು ಎಂದು ತಿಳಿಯಲು ಹೊರಟದ್ದು ನನ್ನ ಹುಡುಕಾಟದ ಮೊದಲ ಕಾರಣ. ದಾರಿಯಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆಯೊಂದು ಎದುರಾಯಿತು.

ಬೀರೂರಿನಿಂದ ಕೆಮ್ಮಣ್ಣುಗುಂಡಿಗೆ ಏರುವ ದಾರಿಯಲ್ಲಿರುವ ಲಿಂಗದಹಳ್ಳಿ ಹೋಬಳಿಯಲ್ಲಿ ಈ ಕತೆಗಳನ್ನು ಕೇಳದ ಮಗು ಸಿಗುವುದು ಕಷ್ಟ. ಮೊಸಳೆಯಿಂದ ಪಾರಾದ ಕೋತಿ, ಹಂಸಗಳ ಕೋಲು ಕಚ್ಚಿ ಹಾರುವಾಗ ಬಾಯಿಬಿಟ್ಟು ಕೆಟ್ಟ ಆಮೆ, ಸಿಂಹಕ್ಕೂ ಎತ್ತಿಗೂ ಜಗಳ ತಂದ ನರಿ, ಎಲ್ಲವೂ ಗೊತ್ತು. ಭದ್ರಾ ಕಾಡಿನ ಸೆರಗಿನಲ್ಲಿರುವ ಈ ಊರುಗಳಲ್ಲಿ ಹುಲಿ ಅಕ್ಕಪಕ್ಕದ ಸುದ್ದಿ, ಸಿಂಹ ಕತೆಯಲ್ಲಿ ಮಾತ್ರ. ಬರೆದವರು ಯಾರು ಎಂದು ಕೇಳಿದರೆ ಉತ್ತರ ಒಂದೇ: ವಿಷ್ಣುಶರ್ಮ. ಆದರೆ ಸಾವಿರ ವರ್ಷಗಳ ಹಿಂದೆ ಈ ಕತೆಗಳನ್ನು ಕನ್ನಡದಲ್ಲಿ ಬರೆದ ದುರ್ಗಸಿಂಹ ವಿಷ್ಣುಶರ್ಮನ ಹೆಸರನ್ನು ಹೇಳುವುದಿಲ್ಲ. ಗುಣಾಢ್ಯ ಪೈಶಾಚೀ ಭಾಷೆಯಲ್ಲಿ ಬರೆದ ಬೃಹತ್ಕಥೆಯಿಂದ ಐದು ಕತೆಗಳನ್ನು ಆರಿಸಿ ವಸುಭಾಗಭಟ್ಟ ಎಂಬವನು ಸಂಸ್ಕೃತದಲ್ಲಿ ಪಂಚತಂತ್ರ ಮಾಡಿದ, ಅದನ್ನು ನಾನು ಕನ್ನಡದಲ್ಲಿ ಹೊಸದಾಗಿ ಹೇಳುತ್ತಿದ್ದೇನೆ ಎನ್ನುತ್ತಾನೆ. ಈ ವಸುಭಾಗ ಯಾರು? ಅವನು ಇದ್ದದ್ದು ನಿಜವೇ?

ಮೊದಲು ಕಾಲದ ವಿಷಯ ಮುಗಿಸಿಕೊಳ್ಳುತ್ತೇನೆ. ಅದು ನಿಲ್ಲದೆ ಉಳಿದದ್ದು ನಿಲ್ಲದು.

ನಮ್ಮ ಕಡೆಯ ಶಾಸನಗಳನ್ನು ಮೊದಲು ನೋಡುವುದು ನನ್ನ ಅಭ್ಯಾಸ. ಅಂದಿನ ಕಡೂರು ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟದಲ್ಲಿವೆ, ಬಿ. ಎಲ್. ರೈಸ್ 1901ರಲ್ಲಿ ಪ್ರಕಟಿಸಿದ್ದು. ತರೀಕೆರೆ ತಾಲ್ಲೂಕಿನ ಭಾಗದಲ್ಲಿ ಅಮೃತಾಪುರದ ದೊಡ್ಡ ಶಾಸನವಿದೆ, ಅದನ್ನು ರಚಿಸಿದವನು ಕವಿ ಜನ್ನ. ಹೊಯ್ಸಳ ಇಮ್ಮಡಿ ಬಲ್ಲಾಳನ ದಂಡನಾಯಕ ಅಮಿತಯ್ಯ 12ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಗುಡಿ ಅಲ್ಲೇ ನಿಂತಿದೆ. ಜನ್ನನ ಯಶೋಧರಚರಿತೆ 1209ರದು. ಹೀಗೆ ಕಲ್ಲು, ಕಾವ್ಯ, ಗುಡಿ ಮೂರೂ ಒಂದಕ್ಕೊಂದು ಸಾಕ್ಷಿಯಾಗಿ ನಿಂತಾಗ ಕವಿಯ ಕಾಲದ ಬಗ್ಗೆ ಜಗಳವಿರುವುದಿಲ್ಲ. ಕಲ್ಲಿನ ಮೇಲಿನ ಅಕ್ಷರವನ್ನು ಯಾರೂ ಪ್ರತಿ ಮಾಡುತ್ತಾ ತಿದ್ದುವುದಿಲ್ಲ. ಓಲೆಗರಿಯ ಪುಣ್ಯ ಅಷ್ಟಿಲ್ಲ. ಒಂದು ಗರಿ ಜೀರ್ಣವಾದರೆ ಇನ್ನೊಂದಕ್ಕೆ ಇಳಿಸಬೇಕು, ಇಳಿಸುವವನ ಕಣ್ಣು ಕೈ ಎರಡನ್ನೂ ನಂಬಬೇಕು. ದುರ್ಗಸಿಂಹ ನಮಗೆ ಬಂದದ್ದು ಈ ಎರಡನೆಯ ದಾರಿಯಲ್ಲಿ.

ಆದರೂ ಅವನು ತನ್ನ ಬಗ್ಗೆ ಮೌನವಾಗಿಲ್ಲ. ಕಿಸುಕಾಡು ನಾಡಿನ ಸಯ್ಯಡಿ ಎಂಬ ಅಗ್ರಹಾರ ತನ್ನ ಊರು ಎನ್ನುತ್ತಾನೆ. ಇಂದಿನ ಗದಗ ಜಿಲ್ಲೆ ರೋಣ ತಾಲ್ಲೂಕಿನ ಸವಡಿಯೇ ಅದು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿ ಹರಿ ಹರ ದೇವರ ಗುಡಿಗಳನ್ನು ಕಟ್ಟಿಸಿದೆನೆಂದೂ ಹೇಳಿಕೊಳ್ಳುತ್ತಾನೆ. ಕಲ್ಯಾಣದ ಚಾಲುಕ್ಯ ದೊರೆ ಜಗದೇಕಮಲ್ಲನ ಬಳಿ ಅವನು ಸಂಧಿವಿಗ್ರಹಿ, ಅಂದರೆ ನೆರೆಯ ಅರಸರೊಡನೆ ಸಂಧಿಯೋ ಯುದ್ಧವೋ ಎಂಬುದನ್ನು ನೋಡಿಕೊಳ್ಳುವ ಮಂತ್ರಿ.

ಗಂಟು ಇರುವುದು ಇಲ್ಲೇ. ಜಗದೇಕಮಲ್ಲ ಎಂಬ ಬಿರುದು ಇಬ್ಬರು ಚಾಲುಕ್ಯ ಅರಸರಿಗಿತ್ತು. ಒಬ್ಬ 1015ರಿಂದ 1040ರ ದಶಕದ ಆರಂಭದವರೆಗೆ ಆಳಿದ ಜಯಸಿಂಹ. ರಾಜೇಂದ್ರ ಚೋಳನನ್ನೂ ಧಾರಾನಗರದ ಭೋಜನನ್ನೂ ಎದುರಿಸಿದವನು. ಇನ್ನೊಬ್ಬ 1138ರಿಂದ 1151ರ ಸುಮಾರಿನವರೆಗೆ ಆಳಿದ ಇಮ್ಮಡಿ ಜಗದೇಕಮಲ್ಲ. ಎರಡನೆಯವನನ್ನು ಹಿಡಿದವರಿಗೆ 1145 ಸಿಕ್ಕಿತು. ಅದು ಅಜಾಗರೂಕತೆಯೆಂದು ನಾನು ಹೇಳಲಾರೆ. ಬಿರುದೊಂದೇ ಕೈಯಲ್ಲಿದ್ದಾಗ ಯಾರನ್ನಾದರೂ ಆರಿಸಲೇಬೇಕಿತ್ತು.

ಮುಂದೆ ಕೃತಿಯ ಕೊನೆಯಲ್ಲಿ ಬರುವ ಕಾಲಸೂಚನೆ ಚರ್ಚೆಗೆ ಬಂತು: ಪ್ರಜಾಪತಿ ಸಂವತ್ಸರ, ಚೈತ್ರ ಮಾಸ, ಶುಕ್ಲಪಕ್ಷ, ಸೋಮವಾರ. ಇದನ್ನು ಗಣಿಸಿ ವಿದ್ವಾಂಸರು ಕೊಟ್ಟ ದಿನ 1031ನೆಯ ಇಸವಿ ಮಾರ್ಚ್ 8. ಆ ಲೆಕ್ಕವನ್ನು ನಾನೂ ಮೊದಲಿನಿಂದ ಹಾಕಿ ನೋಡಿದೆ. ಜೂಲಿಯನ್ ಪಂಚಾಂಗದಲ್ಲಿ ಆ ದಿನ ಸೋಮವಾರವೇ. ಅಮಾವಾಸ್ಯೆ ಕಳೆದು ಹನ್ನೊಂದು ದಿನದ ಮೇಲಾಗಿತ್ತು, ಅಂದರೆ ಶುಕ್ಲಪಕ್ಷ. ಮೇಷ ಸಂಕ್ರಾಂತಿ ಆ ಚಾಂದ್ರಮಾಸದೊಳಗೆ ಬೀಳುವುದರಿಂದ ತಿಂಗಳೂ ಚೈತ್ರವೇ. ಎಲ್ಲ ಹೊಂದುತ್ತದೆ.

ಹೊಂದಿತೆಂದ ಮಾತ್ರಕ್ಕೆ ಸಾಬೀತಾಯಿತೇ? ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಪ್ರಜಾಪತಿ 1031ರಲ್ಲಿ ಬಂತು, 1091ರಲ್ಲಿ ಬಂತು, 1151ರಲ್ಲಿ ಮತ್ತೆ ಬಂತು. ಈ ಕೊನೆಯ ವರ್ಷ ಇಮ್ಮಡಿ ಜಗದೇಕಮಲ್ಲನ ಆಳ್ವಿಕೆಯ ತುದಿಗೆ ತಾಗುತ್ತದೆ. ಸಂವತ್ಸರದ ಹೆಸರನ್ನಷ್ಟೇ ಹಿಡಿದರೆ ಆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಸೋಮವಾರವೂ ಹೆಚ್ಚು ನೆರವಾಗದು. ಒಂದು ಪಕ್ಷದಲ್ಲಿ ಸಾಮಾನ್ಯವಾಗಿ ಎರಡು ಸೋಮವಾರಗಳಿರುತ್ತವೆ, 1151ರ ಚೈತ್ರದಲ್ಲೂ ಇದ್ದವು. ನನ್ನ ಲೆಕ್ಕ ತೋರಿಸಿದ್ದು ಇಷ್ಟೇ: 1031 ಎಂದು ಒಪ್ಪಿದರೆ ಮಾರ್ಚ್ 8 ಸರಿ. 1031 ಎಂದು ಒಪ್ಪಲು ಬೇರೆ ಆಧಾರ ಬೇಕು.

ಆ ಆಧಾರ ಕೃತಿಯ ಪೀಠಿಕೆಯಲ್ಲೇ ಇದೆ. ದುರ್ಗಸಿಂಹ ತನಗಿಂತ ಹಿಂದಿನ ಕನ್ನಡ ಕವಿಗಳನ್ನು ನೆನೆಯುತ್ತಾನೆ: ಶ್ರೀವಿಜಯ, ಕನ್ನಮಯ್ಯ, ಅಸಗ, ಮನಸಿಜ, ಚಂದ್ರಭಟ್ಟ, ಪೊನ್ನ, ಪಂಪ. ಇವರಲ್ಲಿ ಕಾಲ ತಿಳಿದವರೆಲ್ಲ 9 ಮತ್ತು 10ನೆಯ ಶತಮಾನದವರು. ಅವನು 1151ರಲ್ಲಿ ಬರೆಯುತ್ತಿದ್ದರೆ ಅಭಿನವಪಂಪನೆಂದೇ ಹೆಸರಾದ ನಾಗಚಂದ್ರನಾಗಲಿ 1112ರಲ್ಲಿ ಧರ್ಮಾಮೃತ ಬರೆದ ನಯಸೇನನಾಗಲಿ ಪಟ್ಟಿಯಲ್ಲಿ ಕಾಣಬಹುದಿತ್ತು. ನಯಸೇನನ ಊರು ಮುಳುಗುಂದ, ಅದೂ ಇಂದಿನ ಗದಗ ಜಿಲ್ಲೆಯೇ, ಸವಡಿಗೆ ದೂರವಲ್ಲ. ಅವನೂ ಕತೆಗಾರ. ಕತೆ ಬರೆಯಲು ಕೂತ ಸಂಧಿವಿಗ್ರಹಿ ಹತ್ತಿರದ ಕತೆಗಾರನನ್ನು ಮರೆತನೆಂದು ನಂಬುವುದು ಕಷ್ಟ. ಹೆಸರಿಲ್ಲದಿರುವುದನ್ನು ಆಧಾರ ಮಾಡಿಕೊಳ್ಳುವುದು ದುರ್ಬಲ ತರ್ಕವೆಂದು ಬಲ್ಲೆ. ಒಬ್ಬ ಕವಿ ಬಿಟ್ಟುಹೋದರೆ ಅಭಿರುಚಿಯ ಮಾತು ಎನ್ನಬಹುದು. ಒಂದೂವರೆ ಶತಮಾನದ ಕವಿಗಳು ಒಟ್ಟಿಗೆ ಬಿಟ್ಟುಹೋದರೆ ಅವರು ಇನ್ನೂ ಹುಟ್ಟಿರಲಿಲ್ಲ ಎನ್ನುವುದೇ ಸರಳವಾದ ವಿವರಣೆ. ಜಯಸಿಂಹನ ಕಾಲ, ಸಂವತ್ಸರ, ಕವಿಗಳ ಪಟ್ಟಿ ಮೂರನ್ನೂ ಒಟ್ಟಿಗಿಟ್ಟರೆ 1031ಕ್ಕೆ ನಾನು ನಿಸ್ಸಂಕೋಚವಾಗಿ ಒಪ್ಪುತ್ತೇನೆ.

ಇಲ್ಲಿ ಒಂದು ಅಡ್ಡದಾರಿಯ ಬಗ್ಗೆ ಹೇಳಲೇಬೇಕು, ಅದು ಅಷ್ಟು ಆಕರ್ಷಕವಾಗಿತ್ತು. ದುರ್ಗಸಿಂಹ ಎಂಬ ಹೆಸರನ್ನು ಸಂಸ್ಕೃತ ಗ್ರಂಥಸೂಚಿಗಳಲ್ಲಿ ಹುಡುಕಿದರೆ ಕಾತಂತ್ರ ವ್ಯಾಕರಣಕ್ಕೆ ವೃತ್ತಿ ಬರೆದ ಪ್ರಸಿದ್ಧನೊಬ್ಬ ಸಿಗುತ್ತಾನೆ. ಕಥಾಸರಿತ್ಸಾಗರದಲ್ಲಿ ಗುಣಾಢ್ಯನ ಐತಿಹ್ಯವನ್ನು ಓದಿದವರಿಗೆ ಮೈ ಜುಮ್ಮೆನ್ನಬೇಕು. ಸಾತವಾಹನ ದೊರೆಗೆ ಸಂಸ್ಕೃತ ಕಲಿಸುವ ಪಣದಲ್ಲಿ ಗುಣಾಢ್ಯನನ್ನು ಸೋಲಿಸಿದವನು ಶರ್ವವರ್ಮ. ಆರು ತಿಂಗಳಲ್ಲಿ ಕಲಿಸಲು ಅವನು ಬಳಸಿದ್ದು ಇದೇ ಕಾತಂತ್ರ. ಸೋತ ಗುಣಾಢ್ಯ ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ತೊರೆದು ಪೈಶಾಚಿಯಲ್ಲಿ ಬೃಹತ್ಕಥೆ ಬರೆದ. ಗುಣಾಢ್ಯನನ್ನು ಮೂಲವೆಂದು ಹೇಳುವ ಕನ್ನಡ ಕವಿಯ ಹೆಸರೂ ಕಾತಂತ್ರದ ವೃತ್ತಿಕಾರನ ಹೆಸರೂ ಒಂದೇ ಎಂದಾಗ ಇಬ್ಬರೂ ಒಬ್ಬರೇ ಆಗಿರಬಾರದೇಕೆ ಎಂದು ಮನಸ್ಸು ಓಡುತ್ತದೆ. ಆದರೆ ವೃತ್ತಿಕಾರ ಜಯಸಿಂಹನ ಕಾಲಕ್ಕಿಂತ ಎಷ್ಟೋ ಹಿಂದಿನವನು. ಹೊಂದಾಣಿಕೆ ಎಷ್ಟು ಸೊಗಸಾಗಿದ್ದರೂ ಕಾಲ ಕೂಡದಿದ್ದರೆ ಕೈಬಿಡಬೇಕು. ಬಿಟ್ಟೆ.

ಈಗ ವಸುಭಾಗ.

ಪಂಚತಂತ್ರದ ಅಧ್ಯಯನ ಯುರೋಪಿನಲ್ಲಿ ದೊಡ್ಡ ಕೆಲಸವಾಗಿ ಬೆಳೆದಿತ್ತು. ಆರನೆಯ ಶತಮಾನದಲ್ಲಿ ಇರಾನಿನ ದೊರೆ ಖುಸ್ರು ಅನುಶಿರ್ವಾನನ ವೈದ್ಯ ಬುರ್ಜೋಯ್ ಈ ಕತೆಗಳನ್ನು ಪಹ್ಲವಿಗೆ ಒಯ್ದದ್ದು, ಅಲ್ಲಿಂದ ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾ ಅರಬ್ಬಿಗೆ ಇಳಿಸಿದ್ದು, ಕರಟಕ ದಮನಕರೆಂಬ ನರಿಗಳು ಅಲ್ಲಿ ಕಲೀಲ ದಿಮ್ನ ಆದದ್ದು, ಈ ಪಡುವಣದ ಪಯಣವೆಲ್ಲ ಚೆನ್ನಾಗಿ ತಿಳಿದಿತ್ತು. ಜರ್ಮನಿಯ ಯೋಹಾನೆಸ್ ಹೆರ್ಟೆಲ್ ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಪಾಠಗಳನ್ನು ಲೆಕ್ಕ ಹಾಕಿ 1914ರಲ್ಲಿ ಗ್ರಂಥ ಬರೆದರು. ಅಮೆರಿಕದ ಫ್ರಾಂಕ್ಲಿನ್ ಎಡ್ಗರ್ಟನ್ 1924ರಲ್ಲಿ ಹಳೆಯ ಪಾಠಗಳನ್ನು ಸಾಲುಸಾಲಾಗಿ ಹೋಲಿಸಿ ಮೂಲ ಪಂಚತಂತ್ರವನ್ನು ಪುನಾರಚಿಸಿದರು. ಅವರ ಪುನಾರಚನೆಯಲ್ಲಿ ಕತೆ ಹೇಳುವವನು ವಿಷ್ಣುಶರ್ಮ.

ಇಂಥ ಪರಂಪರೆಯ ಎದುರು ಒಬ್ಬನೇ ಕನ್ನಡ ಕವಿ ನಿಂತು ನನ್ನ ಮೂಲ ವಸುಭಾಗನದು ಎಂದರೆ ಅದರ ತೂಕವೆಷ್ಟು? ಅವನ ಹೇಳಿಕೆಯಲ್ಲಿ ಎರಡು ಮಾತುಗಳಿವೆ, ಅವನ್ನು ಬೇರೆಬೇರೆಯಾಗಿ ತೂಗಬೇಕು. ಕತೆಗಳು ಗುಣಾಢ್ಯನಿಂದ ಬಂದವು ಎಂಬುದು ಮೊದಲನೆಯದು. ಬೃಹತ್ಕಥೆ ನಮಗೆ ಉಳಿದಿಲ್ಲ. ಅದನ್ನು ಅನುಸರಿಸಿದ ಕಾಶ್ಮೀರದ ಕ್ಷೇಮೇಂದ್ರ, ಸೋಮದೇವರ ಕೃತಿಗಳಲ್ಲಿ ಪಂಚತಂತ್ರದ ಕತೆಗಳಿವೆ; ಬುಧಸ್ವಾಮಿಯ ಶ್ಲೋಕಸಂಗ್ರಹದ ಉಳಿದಿರುವ ಭಾಗದಲ್ಲಿ ಇಲ್ಲ. ಹಾಗಾಗಿ ಗುಣಾಢ್ಯನ ಮೂಲದಲ್ಲೇ ಅವು ಇದ್ದವೇ, ಕಾಶ್ಮೀರದಲ್ಲಿ ಆಮೇಲೆ ಸೇರಿದವೇ ಎಂಬ ಸಂದೇಹಕ್ಕೆ ಬಲವಾದ ಕಾರಣವಿದೆ. ದೊಡ್ಡ ಕತೆಗಳೆಲ್ಲವನ್ನೂ ಗುಣಾಢ್ಯನ ಲೆಕ್ಕಕ್ಕೆ ಹಾಕುವುದು ನಮ್ಮಲ್ಲಿ ವಾಡಿಕೆ. ಇದನ್ನು ನಾನು ಐತಿಹ್ಯದ ಪಾಲಿಗೇ ಬಿಡುತ್ತೇನೆ.

ವಸುಭಾಗನ ಮಾತು ಬೇರೆ ಜಾತಿಯದು. ಯಾರೂ ಕೇಳರಿಯದ ಹೆಸರನ್ನು ತನ್ನ ಮೂಲವೆಂದು ಹೇಳಿದರೆ ಕವಿಗೆ ಬರುವ ಗೌರವವೇನು? ಅಂಥ ಹೆಸರನ್ನು ಕಟ್ಟಿ ಹೇಳಲು ಕಾರಣ ಕಾಣದು. ಗ್ರಂಥದ ಒಳಗಿನ ರಚನೆಯೂ ಅವನ ಮಾತಿಗೆ ಅನುಗುಣವಾಗಿದೆ. ವಿಷ್ಣುಶರ್ಮನ ಪರಂಪರೆಯಲ್ಲಿ ಐದು ತಂತ್ರಗಳು ಮಿತ್ರಭೇದ, ಮಿತ್ರಪ್ರಾಪ್ತಿ, ಕಾಕೋಲೂಕೀಯ, ಲಬ್ಧಪ್ರಣಾಶ, ಅಪರೀಕ್ಷಿತಕಾರಕ. ದುರ್ಗಸಿಂಹನಲ್ಲಿ ಭೇದ, ಪರೀಕ್ಷಾ, ವಿಶ್ವಾಸ, ವಂಚನಾ, ಮಿತ್ರಕಾರ್ಯ. ಹೆಸರು ಬದಲಾಗಿದೆ, ಅದಕ್ಕಿಂತ ಮುಖ್ಯವಾಗಿ ಕ್ರಮ ಬದಲಾಗಿದೆ. ಅಲ್ಲಿ ಕೊನೆಯಲ್ಲಿರುವ ಪರೀಕ್ಷೆಯ ಪ್ರಕರಣ ಇಲ್ಲಿ ಎರಡನೆಯದು. ಅಲ್ಲಿ ಎರಡನೆಯದಾದ ಗೆಳೆತನದ ಪ್ರಕರಣ ಇಲ್ಲಿ ಕೊನೆಗೆ ಬಂದಿದೆ. ಅನುವಾದಕ ತಾನೇ ಹೀಗೆ ತಿರುವಿ ಜೋಡಿಸಿರಬಹುದಲ್ಲ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕನ್ನಡದ ಓಲೆಗರಿಗಳ ಒಳಗಿದ್ದುಕೊಂಡು ಅದಕ್ಕೆ ಉತ್ತರ ಕೊಡಲು ಆಗುತ್ತಿರಲಿಲ್ಲ.

ಉತ್ತರ ಬಂದದ್ದು ಸಮುದ್ರದ ಆಚೆಯಿಂದ. ಜಾವಾ ದ್ವೀಪದಲ್ಲಿ ಹಳೆಯ ಜಾವಾನೀ ಭಾಷೆಯ ತಂತ್ರಿ ಕಾಮಂದಕ ಎಂಬ ಗದ್ಯಕೃತಿಯಿದೆ. ಡಚ್ ವಿದ್ವಾಂಸ ಸಿ. ಹೂಯ್ಕಾಸ್ ಇದನ್ನು 1931ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಅದರ ಚೌಕಟ್ಟು ನಮ್ಮದಕ್ಕಿಂತ ಬೇರೆ. ಪಾಟಲೀನಗರದ ದೊರೆ ಐಶ್ವರ್ಯಪಾಲನಿಗೆ ದಿನಕ್ಕೊಬ್ಬ ಹೊಸ ಹೆಂಡತಿ ಬೇಕು. ಮಂತ್ರಿಯ ಮಗಳು ತಂತ್ರಿ ರಾತ್ರಿಯೆಲ್ಲ ಕತೆ ಹೇಳುತ್ತಾ ಅವನನ್ನು ತಡೆಯುತ್ತಾಳೆ. ಅವಳು ಹೇಳುವ ಕತೆ ನಂದಕನೆಂಬ ಎತ್ತಿನದು, ಚಂಡಪಿಂಗಳನೆಂಬ ಸಿಂಹದ್ದು. ಆ ಗ್ರಂಥದಲ್ಲಿ ಮೂಲಕಾರನ ಹೆಸರು ಬರುತ್ತದೆ, ಬಸುಭಾಗ ಎಂದು.

ಈ ಹೆಸರನ್ನು ದುರ್ಗಸಿಂಹನ ವಸುಭಾಗನ ಪಕ್ಕದಲ್ಲಿಟ್ಟು ನೋಡಿದ ಕ್ಷಣ ಹುಡುಕಾಟದ ಸ್ವರೂಪವೇ ಬದಲಾಗುತ್ತದೆ. ಜಾವಾದ ಗ್ರಂಥಕಾರ ಕನ್ನಡ ಓದಿದವನಲ್ಲ, ದುರ್ಗಸಿಂಹ ಜಾವಾಕ್ಕೆ ಹೋದವನಲ್ಲ. ಪರಿಚಯವಿಲ್ಲದ ಇಬ್ಬರು ಸಾಕ್ಷಿಗಳು ಬೇರೆಬೇರೆ ಊರಿನ ಕೋರ್ಟಿನಲ್ಲಿ ನಿಂತು ಒಂದೇ ಅಪರಿಚಿತನ ಹೆಸರು ಹೇಳಿದಂತೆ ಇದು. ಅಂಥವನೊಬ್ಬ ಇರಲಿಲ್ಲ ಎಂದು ವಾದಿಸುವ ಹೊಣೆ ಈಗ ಎದುರು ಪಕ್ಷದ್ದು.

ಈ ಹೋಲಿಕೆಯನ್ನು ಕೂಲಂಕಷವಾಗಿ ನಡೆಸಿದವರು ಮೈಸೂರಿನ ಎ. ವೆಂಕಟಸುಬ್ಬಯ್ಯ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಡಾಕ್ಟರೇಟ್ ಪಡೆದ ಅವರು 1920ರ ದಶಕದ ಕೊನೆಯಲ್ಲೇ ದುರ್ಗಸಿಂಹನ ಪಂಚತಂತ್ರದ ಬಗ್ಗೆ ಜರ್ಮನಿಯ ವಿದ್ವತ್ ಪತ್ರಿಕೆಯೊಂದರಲ್ಲಿ ದೀರ್ಘ ಲೇಖನ ಬರೆದು, ಯುರೋಪಿನ ವಿದ್ವಾಂಸರ ಮುಂದೆ ಕನ್ನಡದ ಸಾಕ್ಷ್ಯವನ್ನು ಇಟ್ಟರು. ದಶಕಗಳು ಕಳೆದ ಮೇಲೆ ಜಾವಾದ ಪಾಠವನ್ನೂ ಲಾವೋಸಿನ ಪಾಠವನ್ನೂ ಒಂದೊಂದಾಗಿ ಕೈಗೆತ್ತಿಕೊಂಡರು. ಹೆರ್ಟೆಲ್, ಎಡ್ಗರ್ಟನ್ ಹೆಸರುಗಳು ಪಂಚತಂತ್ರದ ಪ್ರತಿಯೊಂದು ಪುಸ್ತಕದಲ್ಲೂ ಇವೆ. ವೆಂಕಟಸುಬ್ಬಯ್ಯನವರ ಹೆಸರು ಕನ್ನಡದವರ ಬಾಯಲ್ಲೇ ಅಪರೂಪವಾಗಿರುವುದು ನನಗೆ ನೋವಿನ ಸಂಗತಿ. ಮುಂದೆ ವರದರಾಜ ಹುಯಿಲಗೋಳ ಅವರು ವಸುಭಾಗನ ಪಂಚತಂತ್ರವನ್ನೇ ವಿಷಯವಾಗಿ ಹಿಡಿದು ಇಂಗ್ಲಿಷಿನಲ್ಲಿ ಬರೆದ ವಿಮರ್ಶಾತ್ಮಕ ಅಧ್ಯಯನ 1987ರಲ್ಲಿ ಪ್ರಕಟವಾಯಿತು.

ಅನುಕೂಲವಾಗಿ ಕಾಣುವ ಇನ್ನೊಂದು ಸಾಕ್ಷಿ ಕಲ್ಲಿನದು. ಜಾವಾದ ಮೆಂದುತ್ ಗುಡಿಯಲ್ಲಿ ಆಮೆ ಹಂಸಗಳ ಕತೆ ಕೆತ್ತಲಾಗಿದೆ. ಆ ಗುಡಿ 9ನೆಯ ಶತಮಾನದಷ್ಟು ಹಳೆಯದು, ದುರ್ಗಸಿಂಹನಿಗಿಂತ ಇನ್ನೂರು ವರ್ಷ ಮೊದಲು. ನಮ್ಮಲ್ಲಿ ಬಳ್ಳಿಗಾವಿಯ ತ್ರಿಪುರಾಂತಕ ಗುಡಿಯಲ್ಲಿ ಪಂಚತಂತ್ರದ ಪಟ್ಟಿಕೆಗಳಿವೆ, ಅವು ದುರ್ಗಸಿಂಹನ ಶತಮಾನದವೇ. ಅದಕ್ಕೂ ಹಿಂದೆ 8ನೆಯ ಶತಮಾನದ ಪಟ್ಟದಕಲ್ಲಿನ ಗುಡಿಗಳಲ್ಲಿ ಈ ಕತೆಗಳು ಕಾಣಿಸಿಕೊಳ್ಳುತ್ತವೆ. ಪಟ್ಟ‌ದಕಲ್ಲಿನ ಹಳೆಯ ಹೆಸರು ಕಿಸುವೊಳಲ್. ದುರ್ಗಸಿಂಹನ ಕಿಸುಕಾಡು ನಾಡು ಅದೇ ಸೀಮೆ. ಅವನು ಬಾಲ್ಯದಲ್ಲಿ ಆ ಕೆತ್ತನೆಗಳ ಮುಂದೆ ನಿಂತಿದ್ದನೆಂದು ಬರೆದುಬಿಡುವ ಆಸೆ ಯಾರಿಗಾದರೂ ಆಗುತ್ತದೆ. ನಾನು ಬರೆಯುವುದಿಲ್ಲ. ಕಲ್ಲಿನಲ್ಲಿ ಕತೆ ಇದೆ, ಕತೆಗಾರನ ಹೆಸರಿಲ್ಲ. ಅದು ವಸುಭಾಗನ ಪಾಠವೋ ವಿಷ್ಣುಶರ್ಮನದೋ ಊರ ಬಾಯಿಂದ ಬಂದದ್ದೋ ಎಂದು ಆಮೆ ಹಂಸಗಳ ಚಿತ್ರದಿಂದ ತಿಳಿಯದು. ದುರ್ಗಸಿಂಹ ಬರೆಯುವ ಹೊತ್ತಿಗೆ ಈ ಕತೆಗಳು ಅವನ ನಾಡಿನಲ್ಲಿ ಮೂರು ಶತಮಾನಗಳಿಂದ ಓಡಾಡಿಕೊಂಡಿದ್ದವು ಎಂಬುದನ್ನಷ್ಟೇ ಕಲ್ಲು ಹೇಳುತ್ತದೆ, ಅದು ಚಿಕ್ಕ ಮಾತೇನಲ್ಲ.

ಜಾವಾದ ಸಾಕ್ಷ್ಯಕ್ಕೂ ಮಿತಿಯಿದೆ. ತಂತ್ರಿಯ ಚೌಕಟ್ಟು ಕನ್ನಡದಲ್ಲಿಲ್ಲ. ಜಾವಾದಲ್ಲಿ ಎತ್ತು ನಂದಕ, ಕನ್ನಡದಲ್ಲಿ ಸಂಜೀವಕ. ಜಾವಾದ ಗ್ರಂಥ ಹೆಚ್ಚಾಗಿ ಎತ್ತು ಸಿಂಹಗಳ ಪ್ರಕರಣವನ್ನೇ ಹಿಗ್ಗಿಸುತ್ತದೆ, ಐದು ತಂತ್ರಗಳ ಪೂರ್ಣ ರಚನೆ ಅಲ್ಲಿ ಸಿಗುವುದಿಲ್ಲ. ಥಾಯ್ ಮತ್ತು ಲಾವೋ ಭಾಷೆಗಳಲ್ಲಿ ಎತ್ತಿನ ಪ್ರಕರಣದ ಜೊತೆಗೆ ಕಪ್ಪೆ, ಹಕ್ಕಿ, ಪಿಶಾಚಗಳ ಪ್ರಕರಣಗಳು ಬಂದು ಸೇರುತ್ತವೆ. ಆದ್ದರಿಂದ ದುರ್ಗಸಿಂಹನ ಕೈಯಲ್ಲಿದ್ದ ಸಂಸ್ಕೃತ ಪುಸ್ತಕವೇ ಹಡಗು ಹತ್ತಿ ಜಾವಾಕ್ಕೆ ಹೋಯಿತು ಎಂದು ಹೇಳಲಾಗದು. ವಸುಭಾಗನ ಹೆಸರು ಹೊತ್ತ ಒಂದು ದಕ್ಷಿಣದ ಪರಂಪರೆ ಇತ್ತು, ಅದರ ಒಂದು ಕವಲು ಕನ್ನಡಕ್ಕೂ ಇನ್ನೊಂದು ಆಗ್ನೇಯ ಏಷ್ಯಾಕ್ಕೂ ಹರಿಯಿತು ಎನ್ನುವಷ್ಟು ದೂರ ನಾನು ಹೋಗಬಲ್ಲೆ. ಆ ಪರಂಪರೆಯ ಮೂಲ ಸಂಸ್ಕೃತ ಗ್ರಂಥ ಈವರೆಗೆ ದೊರೆತಿಲ್ಲ. ಐದು ತಂತ್ರಗಳನ್ನೂ ಕ್ರಮವಾಗಿ, ಕವಿಯ ಹೆಸರು ಕಾಲ ಊರುಗಳ ಸಮೇತ ಉಳಿಸಿಕೊಂಡಿರುವುದು ಕನ್ನಡದ ಪಾಠ. ಲೋಕವೆಲ್ಲ ಸುತ್ತಿದ ಗ್ರಂಥವೊಂದರ ಕಳೆದುಹೋದ ಕವಲಿಗೆ ಸವಡಿಯ ಸಂಧಿವಿಗ್ರಹಿ ಮುಖ್ಯ ಸಾಕ್ಷಿಯಾಗಿರುವುದು ಹೀಗೆ.

ಆ ಸಾಕ್ಷ್ಯದ ಅತ್ಯಂತ ಬೆಲೆಬಾಳುವ ಭಾಗ, ನನ್ನ ಮಟ್ಟಿಗೆ, ಕನ್ನಡದ ಸಾಲುಗಳ ನಡುವೆ ಕೂತಿರುವ ಸಂಸ್ಕೃತ ಶ್ಲೋಕಗಳು. ದುರ್ಗಸಿಂಹ ಚಂಪುವಿನಲ್ಲಿ ಬರೆದ, ಅದರಲ್ಲೂ ಗದ್ಯವೇ ಹೆಚ್ಚು. ಕತೆಯ ಪ್ರಾಣಿಗಳು ವಾದಕ್ಕೆ ಇಳಿದಾಗ ಮಾತಿನ ಆಧಾರಕ್ಕೆ ಸಂಸ್ಕೃತ ನೀತಿಶ್ಲೋಕಗಳನ್ನು ಹಾಗೆಯೇ ಉದ್ಧರಿಸುತ್ತಾನೆ, ಕನ್ನಡಕ್ಕೆ ತಿರುಗಿಸದೆ. ತಂತ್ರಿ ಕಾಮಂದಕದ ಕರ್ತೃವೂ ಸಂಸ್ಕೃತ ಶ್ಲೋಕ ಕೊಟ್ಟು ಕೆಳಗೆ ಜಾವಾನೀಯಲ್ಲಿ ವಿವರಿಸುತ್ತಾನೆ. ಪ್ರತಿಕಾರರ ಕೈಯಲ್ಲಿ ಎರಡೂ ಕಡೆ ಶ್ಲೋಕಗಳು ಸವೆದಿವೆ, ಆದರೆ ಸವೆತ ಎರಡು ಕಡೆಯೂ ಒಂದೇ ಜಾಗದಲ್ಲಿ ಆಗಬೇಕೆಂದಿಲ್ಲ. ಒಂದು ಕಡೆ ಅಳಿಸಿದ್ದನ್ನು ಇನ್ನೊಂದು ಕಡೆಯಿಂದ ತುಂಬಬಹುದು. ವಿಷ್ಣುಶರ್ಮನ ಪಾಠಗಳಲ್ಲಿ ಇಲ್ಲದ ಒಂದು ಶ್ಲೋಕ ಕನ್ನಡದಲ್ಲೂ ಜಾವಾದಲ್ಲೂ ಕತೆಯ ಅದೇ ಸಂದರ್ಭದಲ್ಲಿ ಕಾಣಿಸಿದರೆ ಅದನ್ನು ವಸುಭಾಗನದೆಂದು ಗುರುತಿಸಲು ನಾನು ಹಿಂಜರಿಯುವುದಿಲ್ಲ. ಒಂದೇ ಕಡೆ ಕಂಡರೆ ಹಿಂಜರಿಯುತ್ತೇನೆ, ಏಕೆಂದರೆ ಸಂಧಿವಿಗ್ರಹಿಗೆ ತನ್ನ ಉದ್ಯೋಗದಿಂದಲೇ ಬಾಯಿಗೆ ಬರುತ್ತಿದ್ದ ನೀತಿಶ್ಲೋಕಗಳು ಎಷ್ಟೋ ಇದ್ದಿರಬೇಕು.